ಫ್ರೆಶರ್ ಬರೆಯುವ ಒಂದು ಪುಟ

‘ಮೇಲ್ಕಂಡ ವಿವರಗಳೆಲ್ಲವೂ ನನಗೆ ತಿಳಿದ ಮಟ್ಟಿಗೆ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ.’ ಕೋರ್ಟಿನ ಅಫಿಡವಿಟ್ಟಿನ ಭಾಷೆಯ ಈ ವಾಕ್ಯ ಇಂಗ್ಲಿಷಿನಲ್ಲಿ ಕರ್ನಾಟಕದ ಅಸಂಖ್ಯಾತ ಎಂಜಿನಿಯರಿಂಗ್ ವಿದ್ಯಾರ್ಥಿಗಳ ರೆಸ್ಯೂಮೆಯ ತಳದಲ್ಲಿ ಕೂತಿರುತ್ತದೆ. ಅದರ ಕೆಳಗೆ ಸ್ಥಳ, ದಿನಾಂಕ, ಸಹಿಗೊಂದು ಗೆರೆ. ಅದರ ಮೇಲೆ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ರಾಷ್ಟ್ರೀಯತೆ, ಮದುವೆ ಆಗಿದೆಯೋ ಇಲ್ಲವೋ ಎಂಬ ವಿವರ. ಹವ್ಯಾಸಗಳು: ಹಾಡು ಕೇಳುವುದು, ಕ್ರಿಕೆಟ್ ಆಡುವುದು. ಸರ್ಕಾರಿ ನೌಕರಿಯ ಅರ್ಜಿಯಿಂದ ಅರ್ಧ, ಹೆಣ್ಣು-ಗಂಡು ತೋರಿಸುವ ಬಯೋಡೇಟಾದಿಂದ ಅರ್ಧ ತಂದು ಹೊಲಿದಂತಿರುವ ಈ ನಮೂನೆಯನ್ನು ಯಾವ ಸಾಫ್ಟ್‌ವೇರ್ ಕಂಪನಿಯೂ ಕೇಳಿಲ್ಲ. ಅದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಳಿದುಬಂದ ವರ್ಡ್ ಫೈಲು. ಹೆಸರು, ಯುಎಸ್‌ಎನ್ ಎಂಬ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಅಂಕಗಳನ್ನು ತಿದ್ದುತ್ತಾರೆ. ಉಳಿದದ್ದು ಹಾಗೇ ಮುಂದಕ್ಕೆ ಹೋಗುತ್ತದೆ. ಫೈಲಿನ ಪ್ರಾಪರ್ಟಿ ತೆರೆದರೆ ಎಷ್ಟೋ ಸಲ ಲೇಖಕರ ಜಾಗದಲ್ಲಿ ಮೂರು ಬ್ಯಾಚ್ ಹಿಂದಿನವರ ಹೆಸರಿರುತ್ತದೆ.

ಘೋಷಣೆಯಿಂದ ಯಾರಿಗೂ ನಷ್ಟವಿಲ್ಲವಲ್ಲ ಎನ್ನಬಹುದು. ನಷ್ಟ ಜಾಗದ್ದು. ಅನುಭವವಿಲ್ಲದವರ ರೆಸ್ಯೂಮೆ ಒಂದೇ ಪುಟ ಇರಬೇಕು ಎಂಬುದರಲ್ಲಿ ನೇಮಕಾತಿ ವಿಭಾಗದವರಲ್ಲಿ ಹೆಚ್ಚು ತಕರಾರಿಲ್ಲ. ಆ ಪುಟದಲ್ಲಿ ಹತ್ತು ಹನ್ನೆರಡು ಸಾಲು ಕುಟುಂಬದ ವಿವರಕ್ಕೂ ಪ್ರಮಾಣಕ್ಕೂ ಹೋದರೆ, ಮಾಡಿದ ಕೆಲಸ ಹೇಳಲು ಉಳಿಯುವುದೆಷ್ಟು? ಸತ್ಯಾಸತ್ಯದ ಪರಿಶೀಲನೆಯಂತೂ ಆಫರ್ ಲೆಟರಿನ ಆಸುಪಾಸಿನಲ್ಲಿ, ಅಂಕಪಟ್ಟಿ ಹಿಡಿದುಕೊಂಡು, ಬೇರೆಯೇ ಏಜೆನ್ಸಿಯವರಿಂದ ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ಇದಕ್ಕೆಲ್ಲ ಅಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಕೋವಿಡ್ ನಂತರದ 2021–22ರಲ್ಲಿ ಟಿಸಿಎಸ್ ಒಂದೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಫ್ರೆಶರ್‌ಗಳನ್ನು ಸೇರಿಸಿಕೊಂಡಿತ್ತು. ಇನ್ಫೊಸಿಸ್ 85 ಸಾವಿರ ಮಂದಿಯನ್ನು. ಬಸ್ ಭರ್ತಿಯಾಗುವ ತನಕ ಹತ್ತಿಸಿಕೊಳ್ಳುವ ಕಾಲವದು. 2023–24ಕ್ಕೆ ಗಾಳಿ ತಿರುಗಿತು. ಆ ಹಣಕಾಸು ವರ್ಷದ ಕೊನೆಗೆ ಟಿಸಿಎಸ್‌ನಲ್ಲಿ 13,249, ಇನ್ಫೊಸಿಸ್‌ನಲ್ಲಿ 25,994, ವಿಪ್ರೊದಲ್ಲಿ 24,516 ಮಂದಿ ಹಿಂದಿನ ವರ್ಷಕ್ಕಿಂತ ಕಡಿಮೆಯಿದ್ದರು. ಮೂರೂ ಸೇರಿದರೆ ಸುಮಾರು 64 ಸಾವಿರ. ಕಾಲೇಜುಗಳಿಂದ ಹೊರಬರುವವರ ಸಂಖ್ಯೆ ಮಾತ್ರ ಹಾಗೆ ಇಳಿಯಲಿಲ್ಲ.

ಐಟಿಗೆ ಹೊಸಬರು ಹೋಗುವ ಬಾಗಿಲು ಎರಡು. ಒಂದು, ದೊಡ್ಡ ಸೇವಾ ಕಂಪನಿಗಳ ಸಾಮೂಹಿಕ ನೇಮಕಾತಿ. ಇಲ್ಲಿ ಮೊದಲು ಬರುವುದು ಟಿಸಿಎಸ್‌ನ ಎನ್‌ಕ್ಯೂಟಿಯಂಥ ಪರೀಕ್ಷೆ. ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಕೇಳುವ ‘ಸಿಕ್ಸ್ಟಿ ಥ್ರೂಔಟ್’ ಮತ್ತು ಪಾಸಾಗದೆ ಉಳಿದ ವಿಷಯಗಳಿಗೆ, ಅಂದರೆ ಬ್ಯಾಕ್‌ಲಾಗ್‌ಗೆ, ಮಿತಿ ಹಾಕುವ ಷರತ್ತು. ರೆಸ್ಯೂಮೆ ಇಲ್ಲಿ ಸಂದರ್ಶನದ ಮೇಜಿನ ಮೇಲಷ್ಟೇ ಕಾಣುತ್ತದೆ. ಎರಡನೆಯದು ಸ್ಟಾರ್ಟಪ್‌ಗಳು, ಪ್ರಾಡಕ್ಟ್ ಕಂಪನಿಗಳು ಮತ್ತು ಬಹುರಾಷ್ಟ್ರೀಯ ಕಂಪನಿಗಳು ಇಲ್ಲಿ ತೆರೆದಿರುವ ಜಿಸಿಸಿ ಎಂಬ ಸ್ವಂತ ಕೇಂದ್ರಗಳು. ಐಟಿ ಉದ್ಯಮದ ಒಕ್ಕೂಟ ನಾಸ್ಕಾಂನ ಲೆಕ್ಕದಲ್ಲಿ 2024ರ ಹೊತ್ತಿಗೆ ದೇಶದಲ್ಲಿ ಇಂಥ ಕೇಂದ್ರಗಳು 1,700 ದಾಟಿದ್ದವು. ಅವುಗಳಲ್ಲಿ 19 ಲಕ್ಷ ಮಂದಿ ಕೆಲಸದಲ್ಲಿದ್ದರು. ಕೇಂದ್ರಗಳ ಸಂಖ್ಯೆಯಲ್ಲಿ ಬೆಂಗಳೂರೇ ಮುಂದು. ಕ್ಯಾಂಪಸ್ಸಿಗೆ ಕಂಪನಿಗಳೇ ಬಾರದ ಊರುಗಳ ಹುಡುಗ ಹುಡುಗಿಯರಿಗೆ ಉಳಿಯುವುದು ಬಹುಮಟ್ಟಿಗೆ ಈ ಎರಡನೇ ಬಾಗಿಲು. ಅಲ್ಲಿ ಪರೀಕ್ಷೆಗೆ ಕರೆಯಬೇಕೋ ಬೇಡವೋ ಎಂಬುದನ್ನು ಮೊದಲು ಹೇಳುವುದೇ ಆ ಒಂದು ಪುಟ.

ಅಂಕದ ವಿಷಯ ಬಂದಿದ್ದರಿಂದ ಒಂದು ಎಚ್ಚರಿಕೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮಿನಲ್ಲಿ ಸಿಜಿಪಿಎಯನ್ನು ಶೇಕಡಾವಾರು ಮಾಡಲು ಅದರಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಅಂದರೆ 6.75ಕ್ಕೆ ಶೇ 60. ಸಿಜಿಪಿಎ 6.7 ಇದ್ದವರು ಸುಮ್ಮನೆ ಹತ್ತರಿಂದ ಗುಣಿಸಿ ಶೇ 67 ಎಂದು ಬರೆದರೆ, ಲೆಕ್ಕದ ಪ್ರಕಾರ ಇರುವುದು 59.5. ಮೋಸದ ಉದ್ದೇಶ ಇಲ್ಲದಿದ್ದರೂ ಪರಿಶೀಲನೆಯ ದಿನ ಅದು ಮೋಸದಂತೆಯೇ ಕಾಣುತ್ತದೆ. ಸ್ಕೀಮ್‌ಗೆ ತಕ್ಕಂತೆ, ವಿಶ್ವವಿದ್ಯಾಲಯಕ್ಕೆ ತಕ್ಕಂತೆ ನಿಯಮ ಬೇರೆಯಾಗುವುದರಿಂದ ಗ್ರೇಡ್ ಕಾರ್ಡಿನಲ್ಲಿ ಇರುವಂತೆ ಸಿಜಿಪಿಎಯನ್ನೇ ಬರೆಯುವುದು ಕ್ಷೇಮ. ಇನ್ನು ಯುಎಸ್‌ಎನ್. ಅದರ ಮೊದಲ ಅಂಕಿ ಬೆಂಗಳೂರು, ಬೆಳಗಾವಿ, ಕಲಬುರಗಿ, ಮೈಸೂರು ವಲಯಗಳಲ್ಲಿ ಯಾವುದೆಂದು ಹೇಳುತ್ತದೆ. ಪ್ಲೇಸ್‌ಮೆಂಟ್ ಆಫೀಸರಿಗೆ ಬೇಕಾದ ಈ ಸಂಖ್ಯೆಯಿಂದ ಹೊರಗಿನ ಕಂಪನಿಗೆ ಯಾವ ಪ್ರಯೋಜನವೂ ಇಲ್ಲ.

ಪುಟವನ್ನು ಓದುವವರು ಎಷ್ಟು ಹೊತ್ತು ಓದುತ್ತಾರೆ? ಅಮೆರಿಕದ ಉದ್ಯೋಗ ತಾಣ ಲ್ಯಾಡರ್ಸ್ 2012ರಲ್ಲಿ 30 ನೇಮಕಾತಿ ಸಿಬ್ಬಂದಿಯ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದು, ಮೊದಲ ನೋಟಕ್ಕೆ ಸಿಗುವುದು ಆರು ಸೆಕೆಂಡ್ ಎಂದಿತು. 2018ರಲ್ಲಿ ಮತ್ತೆ ಅಳೆದಾಗ 7.4 ಸೆಕೆಂಡ್. ರೆಸ್ಯೂಮೆ ಬರೆದುಕೊಡುವ ವ್ಯಾಪಾರದಲ್ಲೂ ಇದ್ದ ಕಂಪನಿಯ ಸಣ್ಣ ಅಧ್ಯಯನವಾದ್ದರಿಂದ ದಶಾಂಶಗಳನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ಕಣ್ಣು ಓಡಿದ ದಾರಿ ಗಮನಿಸುವಂಥದ್ದು: ಹೆಸರು, ಹುದ್ದೆ, ಕಂಪನಿ, ತಾರೀಖು, ಓದು. ಹುದ್ದೆಯೂ ಕಂಪನಿಯೂ ಇಲ್ಲದ ಫ್ರೆಶರ್‌ನ ಪುಟದಲ್ಲಿ ಕಣ್ಣು ಓದನ್ನು ಮುಟ್ಟಿ, ಅಲ್ಲಿಂದ ಪ್ರಾಜೆಕ್ಟಿಗೆ ಬಂದು ನಿಲ್ಲಬೇಕು. ಅಷ್ಟರಲ್ಲಿ ‘ಸವಾಲಿನ ವಾತಾವರಣದಲ್ಲಿ ನನ್ನ ಕೌಶಲಗಳನ್ನು ಬಳಸಿ ಸಂಸ್ಥೆಯ ಏಳಿಗೆಗೆ ಶ್ರಮಿಸುವುದು’ ಎಂಬ ಕರಿಯರ್ ಆಬ್ಜೆಕ್ಟಿವ್ ಅಡ್ಡ ಬಂದರೆ ಮುಗಿಯಿತು.

ಕಣ್ಣಿಗಿಂತ ಮೊದಲು ಓದುವುದು ಯಂತ್ರ. ಅರ್ಜಿಗಳನ್ನು ಕಲೆಹಾಕಿ, ಹೆಸರು, ಓದು, ಕೌಶಲಗಳನ್ನು ಬೇರೆ ಬೇರೆ ಖಾನೆಗೆ ತುಂಬುವ ತಂತ್ರಾಂಶಕ್ಕೆ ಎಟಿಎಸ್ ಎನ್ನುತ್ತಾರೆ. ವರ್ಕ್‌ಡೇ, ಟಾಲಿಯೊ, ಗ್ರೀನ್‌ಹೌಸ್ ಈ ಪೈಕಿ ಹೆಸರುವಾಸಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ 2021ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ ಉದ್ಯೋಗದಾತರನ್ನು ವಿಚಾರಿಸಿದಾಗ, ಶೇ 90ಕ್ಕೂ ಹೆಚ್ಚು ಮಂದಿ ಅರ್ಜಿಗಳನ್ನು ಮೊದಲು ಸೋಸಲು ಅಥವಾ ಸಾಲು ಹಚ್ಚಲು ಇಂಥ ತಂತ್ರಾಂಶ ಬಳಸುತ್ತೇವೆ ಎಂದರು. ಅದೇ ಕಂಪನಿಗಳ ಬೆಂಗಳೂರಿನ ಕೇಂದ್ರಗಳಿಗೆ ಹಾಕುವ ಅರ್ಜಿಯೂ ಸಾಮಾನ್ಯವಾಗಿ ಅದೇ ಪೋರ್ಟಲ್ ಮೂಲಕ ಹೋಗುತ್ತದೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಎಟಿಎಸ್‌ನ ಕಷ್ಟ ತಟ್ಟನೆ ಅರ್ಥವಾಗುತ್ತದೆ. ಬರೆದವರ ಪರದೆಯ ಮೇಲೆ ಚೆಂದದ ಪತ್ರ. ಪಡೆದವರ ಪರದೆಯ ಮೇಲೆ ಕೊಂಬು ಬಾಲದ ರೋಮನ್ ಅಕ್ಷರಗಳ ರಾಶಿ. ಕ್ಯಾನ್ವಾದಲ್ಲಿ ಮಾಡಿದ ಎರಡು ಕಾಲಂ ರೆಸ್ಯೂಮೆಯನ್ನು ಕೆಲವು ತಂತ್ರಾಂಶಗಳು ಅಡ್ಡಡ್ಡ ಓದಿ, ಎಡಗಡೆಯ ಫೋನ್ ನಂಬರನ್ನು ಬಲಗಡೆಯ ಪ್ರಾಜೆಕ್ಟಿನ ಹೆಸರಿಗೆ ಅಂಟಿಸಿಬಿಡುತ್ತವೆ. ಚಿತ್ರವಾಗಿ ಕೂರಿಸಿದ ಅಕ್ಷರವಂತೂ ಕಾಣುವುದೇ ಇಲ್ಲ. ಪರೀಕ್ಷೆ ಮಾಡಲು ದುಡ್ಡು ಕೊಡಬೇಕಿಲ್ಲ. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ದು, ನೋಟ್‌ಪ್ಯಾಡಿಗೆ ಅಂಟಿಸಿದರೆ ಸಾಕು: ಹೆಚ್ಚುಕಡಿಮೆ ಯಂತ್ರ ಕಾಣುವುದು ಅದನ್ನೇ. ‘ಜಾವಾ ಶೇ 80’ ಎಂದು ಬಣ್ಣದ ಪಟ್ಟಿ ಎಳೆದವರದ್ದು ಎರಡು ಕಡೆಯ ನಷ್ಟ. ಯಂತ್ರಕ್ಕೆ ಪಟ್ಟಿ ಕಾಣದು. ಮನುಷ್ಯರಿಗೆ ಕಂಡರೆ, ಉಳಿದ ಶೇ 20 ಯಾವುದೆಂದು ಕೇಳುತ್ತಾರೆ.

ಹಾಗಂತ ಯಂತ್ರದ ಬಗ್ಗೆ ಹರಡಿರುವ ಭಯವೆಲ್ಲ ನಿಜವಲ್ಲ. ‘ನೂರರಲ್ಲಿ 75 ರೆಸ್ಯೂಮೆಗಳನ್ನು ಎಟಿಎಸ್ ತಾನೇ ಕಸದಬುಟ್ಟಿಗೆ ಹಾಕುತ್ತದೆ’ ಎಂಬ ಮಾತು ಅಂತರ್ಜಾಲದಲ್ಲಿ ವರ್ಷಗಟ್ಟಲೆ ಸುತ್ತುತ್ತಿದೆ; ಅದರ ಬೆನ್ನು ಹತ್ತಿದವರಿಗೆ ಸಿಕ್ಕಿದ್ದು ರೆಸ್ಯೂಮೆ ಸೇವೆ ಮಾರುತ್ತಿದ್ದವರ ಪ್ರಚಾರವೇ ಹೊರತು ಅಧ್ಯಯನವಲ್ಲ. ಬ್ಯಾಕ್‌ಲಾಗ್ ಇದೆಯೇ, ಪಾಸಾದ ವರ್ಷ ಯಾವುದು ಎಂಬಂಥ ಪ್ರಶ್ನೆಗೆ ಕೊಟ್ಟ ಉತ್ತರದ ಮೇಲೆ ತಂತ್ರಾಂಶ ಬದಿಗಿಡಬಹುದು. ಅದು ಬಿಟ್ಟರೆ ಸಾಮಾನ್ಯವಾಗಿ ನಡೆಯುವುದು ಹುಡುಕಾಟ: ನೇಮಕಾತಿಯವರು ‘ಸ್ಪ್ರಿಂಗ್ ಬೂಟ್’ ಎಂದೋ ‘ಎಸ್‌ಕ್ಯೂಎಲ್’ ಎಂದೋ ಟೈಪ್ ಮಾಡುತ್ತಾರೆ, ಆ ಪದ ಇರುವ ಪುಟ ಮೇಲೆ ಬರುತ್ತದೆ. ಜಾಹೀರಾತಿನಲ್ಲಿ ಯಾವ ಪದವಿದೆಯೋ, ಗೊತ್ತಿರುವ ವಿಷಯವಾದರೆ, ಅದೇ ಪದದಲ್ಲಿ ಬರೆಯಬೇಕು ಎನ್ನುವುದು ಇದಕ್ಕಾಗಿ. ಜಾಹೀರಾತನ್ನೇ ಬಿಳಿ ಅಕ್ಷರದಲ್ಲಿ ಬಚ್ಚಿಡುವ ಜಾಣತನವೂ ಚಾಲ್ತಿಯಲ್ಲಿದೆ. ತಂತ್ರಾಂಶ ಅಕ್ಷರವನ್ನು ಹೊರತೆಗೆದು ತೋರಿಸಿದಾಗ ಬಿಳಿಯೂ ಕಪ್ಪಾಗಿಯೇ ಕಾಣುತ್ತದೆ.

ಇಷ್ಟೆಲ್ಲ ದಾಟಿ ಪುಟ ಒಬ್ಬ ಎಂಜಿನಿಯರಿನ ಕೈಗೆ ಸೇರಿತು ಎನ್ನೋಣ. ಅವರು ಹೊಸಬರಿಗಾಗಿ ಪ್ರತ್ಯೇಕ ಪ್ರಶ್ನೆಗಳನ್ನು ತಯಾರಿಸಿಕೊಂಡು ಬರುವುದು ಕಡಿಮೆ. ಕಾಫಿ ಕಪ್ಪು ಪಕ್ಕಕ್ಕಿಟ್ಟು, ಹಾಳೆಯ ಮೇಲೆ ಬೆರಳಿಟ್ಟು, ‘ಈ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎನ್ನುತ್ತಾರೆ. ರೆಸ್ಯೂಮೆಯ ಒಂದೊಂದು ಸಾಲೂ ಅಭ್ಯರ್ಥಿ ತನಗೆ ತಾನೇ ಹಾಕಿಕೊಂಡ ಪ್ರಶ್ನೆ. ಒಳ್ಳೆಯ ಸಾಲು ಬರೆಯುವುದೆಂದರೆ, ಉತ್ತರ ಗೊತ್ತಿರುವ ಪ್ರಶ್ನೆಯನ್ನು ಎದುರಿನವರ ಬಾಯಿಗೆ ಹಾಕುವುದು. ಇಷ್ಟು ಅರ್ಥವಾದರೆ ಏನಿರಬೇಕು, ಏನಿರಬಾರದು ಎಂಬ ಗೊಂದಲ ಅರ್ಧ ಕರಗುತ್ತದೆ.

ಒಂದು ಸಾಲು ತೆಗೆದುಕೊಳ್ಳೋಣ. ಕರ್ನಾಟಕದ ಕಾಲೇಜುಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಪ್ರಾಜೆಕ್ಟು: ‘ಮಷೀನ್ ಲರ್ನಿಂಗ್ ಬಳಸಿ ಬೆಳೆ ಇಳುವರಿ ಮುನ್ಸೂಚನೆ. ಭಾಷೆ: ಪೈಥಾನ್. ತಂಡ: ನಾಲ್ವರು. ನಿಖರತೆ: ಶೇ 98.’ ಓದಿದ ಎಂಜಿನಿಯರ್ ಮೊದಲು ಹಿಡಿಯುವುದು ಆ 98ನ್ನು. ಇಳುವರಿ ಎಂಬುದು ಎಕರೆಗೆ ಇಷ್ಟು ಕ್ವಿಂಟಲ್ ಎಂಬ ಸಂಖ್ಯೆ. ಸಂಖ್ಯೆಯನ್ನು ಊಹಿಸುವಲ್ಲಿ ಅಳೆಯುವುದು ದೋಷ ಎಷ್ಟು ಎಂದು. ಹೌದು-ಇಲ್ಲ ಎಂಬಂತೆ ಗುಂಪು ಹೇಳುವ ಮಾದರಿಗಳಿಗೆ ಮಾತ್ರ ನಿಖರತೆಯ ಶೇಕಡಾವಾರು ಸಲ್ಲುತ್ತದೆ. ಹಾಗಾಗಿ ಮೆರೆಯಲೆಂದು ಬರೆದ ಅಂಕಿಯೇ, ಬರೆದವರು ಕೋಡ್ ಮುಟ್ಟಿಲ್ಲವೇನೋ ಎಂಬ ಅನುಮಾನ ಹುಟ್ಟಿಸುತ್ತದೆ.

ಅದೇ ಪ್ರಾಜೆಕ್ಟನ್ನು ಒಬ್ಬ ವಿದ್ಯಾರ್ಥಿನಿ ನಿಜವಾಗಿ ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ಮುಂದಿನ ಅಂಕಿಗಳು ಉದಾಹರಣೆಗಷ್ಟೇ. ‘ಮಂಡ್ಯ ಜಿಲ್ಲೆಯ ಏಳು ತಾಲ್ಲೂಕು, ಹತ್ತು ಬೆಳೆ, ಹನ್ನೆರಡು ವರ್ಷಗಳ ಮಳೆ ಮತ್ತು ಇಳುವರಿಯ 840 ಸಾಲು ದತ್ತಾಂಶ ಶುದ್ಧಿ ಮಾಡಿದೆ, ರ್‍ಯಾಂಡಮ್ ಫಾರೆಸ್ಟ್ ಮಾದರಿ ಕಟ್ಟಿದೆ, ಹಿಂದಿನ ವರ್ಷಗಳ ಸರಾಸರಿಯನ್ನೇ ಊಹೆಯಾಗಿ ಇಟ್ಟುಕೊಂಡರೆ ಬರುವ ದೋಷಕ್ಕಿಂತ ಶೇ 18 ಕಡಿಮೆ ದೋಷ, ನಾಲ್ವರ ತಂಡದಲ್ಲಿ ನನ್ನ ಪಾಲು ದತ್ತಾಂಶ ಮತ್ತು ಮಾದರಿ.’ ಈಗ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಬರೀ 840 ಸಾಲು ಸಾಕೆ? ಸಾಲದು, ಅದಕ್ಕೇ ನ್ಯೂರಲ್ ನೆಟ್‌ವರ್ಕ್ ಗೊಡವೆಗೆ ಹೋಗಲಿಲ್ಲ. ಪರೀಕ್ಷೆಗೆ ದತ್ತಾಂಶ ಹೇಗೆ ವಿಂಗಡಿಸಿದಿರಿ? ಮನಬಂದಂತೆ ಕಲಸಲಿಲ್ಲ, ಕೊನೆಯ ಎರಡು ವರ್ಷಗಳನ್ನು ಪಕ್ಕಕ್ಕಿಟ್ಟೆವು, ಇಲ್ಲದಿದ್ದರೆ ಮುಂದಿನ ವರ್ಷದ ಮಳೆ ನೋಡಿ ಹಿಂದಿನದನ್ನು ಊಹಿಸಿದಂತಾಗುತ್ತಿತ್ತು. ಶೇ 98ಕ್ಕಿಂತ ಈ ಶೇ 18 ಎಷ್ಟೋ ಪಟ್ಟು ತೂಕದ್ದು.

ಗೂಗಲ್‌ನಲ್ಲಿ ಮಾನವ ಸಂಪನ್ಮೂಲದ ಮುಖ್ಯಸ್ಥರಾಗಿದ್ದ ಲ್ಯಾಸ್ಲೊ ಬಾಕ್ 2014ರಲ್ಲಿ ಬರೆದ ಸಲಹೆಯೂ ಇದೇ ಜಾಡಿನದು: ಏನು ಸಾಧಿಸಿದಿರಿ, ಯಾವ ಅಳತೆಯಲ್ಲಿ, ಏನು ಮಾಡಿ. ಮೂರೂ ಒಂದೇ ಸಾಲಿನಲ್ಲಿರಲಿ. ಒಂದು ತೊಂದರೆಯೆಂದರೆ, ಈ ಸೂತ್ರ ಕಲಿತವರು ಅಳತೆ ಇಲ್ಲದ ಕಡೆಯೂ ಅಂಕಿ ಹುಟ್ಟಿಸುತ್ತಾರೆ. ನಾಲ್ಕು ಮಂದಿ ಗೆಳೆಯರು ಬಳಸಿದ ಆ್ಯಪಿಗೆ ‘ಬಳಕೆದಾರರ ತೃಪ್ತಿ ಶೇ 40 ಹೆಚ್ಚಳ’ ಎಂದು ಬರೆಯುವುದಕ್ಕಿಂತ ‘ಹಾಸ್ಟೆಲಿನ ನಾಲ್ವರು ಒಂದು ಸೆಮಿಸ್ಟರ್ ಮೆಸ್ ಲೆಕ್ಕಕ್ಕೆ ಬಳಸಿದರು’ ಎಂಬುದೇ ಮೇಲು.

ಪ್ರಾಜೆಕ್ಟನ್ನು ಅಂಗಡಿಯಿಂದ ಕೊಳ್ಳುವ ಪದ್ಧತಿಯ ಬಗ್ಗೆ ಮಾತಾಡದೆ ಈ ವಿಷಯ ಮುಗಿಯುವುದಿಲ್ಲ. ‘ಐಇಇಇ ಪ್ರಾಜೆಕ್ಟ್ ದೊರೆಯುತ್ತದೆ’ ಎಂಬ ಬೋರ್ಡು ಬೆಂಗಳೂರಿನ ಗಲ್ಲಿಗಳಲ್ಲಿ ಹೊಸದಲ್ಲ. ಕೋಡ್, ವರದಿ, ಪಿಪಿಟಿ ಸೇರಿ ಒಂದು ರೇಟು. ಪರೀಕ್ಷಕರ ಎದುರು ಹದಿನೈದು ನಿಮಿಷ ದಾಟಿಸಿದರೂ, ಅದೇ ಸಾಲು ರೆಸ್ಯೂಮೆಗೆ ಬಂದಾಗ ಕೋಡ್ ತೆರೆದು ‘ಈ ಫಂಕ್ಷನ್ ಏಕೆ ಬೇಕಾಯಿತು?’ ಎಂದರೆ ಬಾಯಿ ಕಟ್ಟುತ್ತದೆ. ಸ್ವಂತಕ್ಕೆ ಸಣ್ಣದೊಂದನ್ನು ಮಾಡಲು ಸಾಮಗ್ರಿಗೆ ಕೊರತೆಯಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ, ಒಂದೂವರೆ ಲಕ್ಷದಷ್ಟು ನಮೂದುಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಮುಕ್ತ ದತ್ತಾಂಶವಾಗಿ ಲಭ್ಯವಿದೆ. ‘ಲ’ ಮತ್ತು ‘ಳ’, ‘ಅ’ ಮತ್ತು ‘ಹ’ ಅದಲು ಬದಲಾಗಿ ಟೈಪ್ ಮಾಡಿದವರಿಗೂ ಸರಿಯಾದ ಪದ ಹುಡುಕಿಕೊಡುವ ಒಂದು ಸಣ್ಣ ಸರ್ಚ್ ಪೆಟ್ಟಿಗೆ ಅದರ ಮೇಲೆ ಕಟ್ಟಿದರೆ, ಡೇಟಾಬೇಸ್, ಸ್ಟ್ರಿಂಗ್ ಹೋಲಿಕೆಯ ಅಲ್ಗಾರಿದಂ, ಯೂನಿಕೋಡ್ ಮೂರರ ಬಗ್ಗೆಯೂ ಅರ್ಧ ಗಂಟೆ ಮಾತಾಡುವಷ್ಟು ಸರಕಾಗುತ್ತದೆ. ನೆಟ್‌ಫ್ಲಿಕ್ಸ್ ಕ್ಲೋನಿನ ನೂರೊಂದನೇ ಪ್ರತಿಗಿಂತ ಇದು ನೆನಪಿನಲ್ಲಿ ಉಳಿಯುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತದೆ. ಅದು ಸಿಕ್ಕಿದ್ದರೆ ಒಂದು ಸಾಲು ಅದಕ್ಕೆ ಮೀಸಲಿಡಬಹುದು.

ಸರ್ಟಿಫಿಕೇಟುಗಳದ್ದು ಇನ್ನೊಂದು ರಾಶಿ. ಒಂದು ದಿನದ ವೆಬಿನಾರಿನಲ್ಲಿ ಹೆಸರು ನೋಂದಾಯಿಸಿದ್ದಕ್ಕೆ ಬಂದ ಪಿಡಿಎಫ್‌ಗೂ ಆನ್‌ಲೈನ್ ಕೋರ್ಸುಗಳನ್ನು ನಡೆಸುವ ಎನ್‌ಪಿಟಿಇಎಲ್‌ನ ಪ್ರಮಾಣಪತ್ರಕ್ಕೂ ಬಹಳ ಅಂತರ. ಎನ್‌ಪಿಟಿಇಎಲ್‌ನಲ್ಲಿ ವಾರವಾರದ ಅಸೈನ್‌ಮೆಂಟುಗಳಿಗೆ ಒಟ್ಟು ಶೇ 25, ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಬರೆಯುವ ಪರೀಕ್ಷೆಗೆ ಶೇ 75 ಅಂಕ. ಅಂಥದ್ದು ಎರಡಿದ್ದರೆ ಬೇರೆ ಹತ್ತನ್ನು ಕೈಬಿಡಬಹುದು. ಸಿ, ಸಿ++, ಜಾವಾ, ಪೈಥಾನ್‌ನಿಂದ ಶುರುವಾಗಿ ಬ್ಲಾಕ್‌ಚೈನ್ ದಾಟಿ ಎಂಎಸ್ ಆಫೀಸಿನ ತನಕ ಹರಿಯುವ ಕೌಶಲದ ಪಟ್ಟಿಗೂ ಇದೇ ಕತ್ತರಿ.

ವಿಚಿತ್ರವೆಂದರೆ, ಹೇಳಬೇಕಾದ್ದನ್ನು ಮುಚ್ಚಿಡುವವರೂ ಇದ್ದಾರೆ. ಅಪ್ಪನ ಗೊಬ್ಬರದಂಗಡಿಯ ಉದ್ರಿ ಪುಸ್ತಕವನ್ನು ಎಕ್ಸೆಲ್‌ಗೆ ತಂದವರು, ಸಂಜೆ ಹೊತ್ತು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತವರು, ಊರಿನ ಸೈಬರ್ ಸೆಂಟರಿನಲ್ಲಿ ಪಹಣಿಗೂ ಸ್ಕಾಲರ್‌ಶಿಪ್ಪಿಗೂ ಅರ್ಜಿ ತುಂಬಿಕೊಟ್ಟವರು ಇದನ್ನೆಲ್ಲ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಸಪೋರ್ಟ್, ಟೆಸ್ಟಿಂಗ್ ಹುದ್ದೆಗಳಿಗೆ ಆರಿಸುವವರು ಹುಡುಕುವುದು ಸಿಟ್ಟಾದ ಗಿರಾಕಿಯನ್ನು ಸಮಾಧಾನಪಡಿಸಿ ಸಮಸ್ಯೆ ಬಿಡಿಸಿದವರನ್ನೇ. ಹವ್ಯಾಸದ ಜಾಗ ಅದಕ್ಕೆ ಸಲ್ಲಬೇಕು.

ಕನ್ನಡ ಮಾಧ್ಯಮದಿಂದ ಬಂದವರ ಅಳುಕು ಬೇರೆ. ಇಂಗ್ಲಿಷ್ ತಪ್ಪಾದೀತೆಂದು ಈಗ ಬಹುತೇಕರು ಚಾಟ್‌ಜಿಪಿಟಿಯ ಮೊರೆ ಹೋಗುತ್ತಾರೆ. ಪ್ರಾಜೆಕ್ಟಿನ ಹೆಸರು ಕೊಟ್ಟು ‘ಬರೆದುಕೊಡು’ ಎಂದರೆ ಅದು ಎಲ್ಲರಿಗೂ ಒಂದೇ ಹೊಳಪಿನ ವಾಕ್ಯ ಕೊಡುತ್ತದೆ. ಮಾಡದ ಕೆಲಸವನ್ನೂ ಸೇರಿಸುತ್ತದೆ. ಏನು ಮಾಡಿದೆ, ಎಲ್ಲಿ ಸಿಕ್ಕಿಬಿದ್ದೆ, ಹೇಗೆ ಬಿಡಿಸಿದೆ ಎಂಬುದನ್ನು ಮೊದಲು ಕನ್ನಡದಲ್ಲೇ ನಾಲ್ಕು ಸಾಲು ಬರೆದು, ಅದನ್ನು ಸರಳ ಇಂಗ್ಲಿಷಿಗೆ ತರಲು ಮಾತ್ರ ನೆರವು ಪಡೆದರೆ ಅಪಾಯ ಕಡಿಮೆ.

ತಂದೆಯ ಹೆಸರು, ಧರ್ಮ, ಫೋಟೊ ಬೇಡ ಎನ್ನಲು ಜಾಗ ಉಳಿಸುವುದಕ್ಕಿಂತ ಗಂಭೀರ ಕಾರಣವೂ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕಾ ಜಾಹೀರಾತುಗಳಿಗೆ ಒಂದೇ ಬಗೆಯ ಅರ್ಹತೆಯ ಅರ್ಜಿಗಳು ಬೇರೆ ಬೇರೆ ಹೆಸರಲ್ಲಿ ಹೋದವು. ಮೇಲ್ಜಾತಿಯ ಹಿಂದೂ ಹೆಸರುಗಳಿಗಿಂತ ದಲಿತ, ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಂಭವ ಕಡಿಮೆಯಿತ್ತು. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ದೆಹಲಿಯ ಸುತ್ತಮುತ್ತ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಫ್ಟ್‌ವೇರ್ ಹುದ್ದೆಗಳಿಗೆ ಜಾತಿಯ ಭೇದ ಕಾಣಲಿಲ್ಲ, ಕಾಲ್ ಸೆಂಟರ್ ಹುದ್ದೆಗಳಲ್ಲಿ ಸುಳಿವು ಸಿಕ್ಕಿತು. ಯಂತ್ರಕ್ಕೆ ವಹಿಸಿದರೆ ಭೇದ ಹೋದೀತೆಂಬ ಭರವಸೆಯೂ ಇಲ್ಲ. ಅಮೆಜಾನ್ ಪ್ರಯೋಗಾರ್ಥ ಕಟ್ಟಿದ್ದ ಒಂದು ವ್ಯವಸ್ಥೆ ‘ಮಹಿಳೆಯರ’ ಎಂಬ ಪದವಿರುವ ರೆಸ್ಯೂಮೆಗಳಿಗೆ ಅಂಕ ಕಡಿಮೆ ಕೊಡುವುದನ್ನು ಕಲಿತಿತ್ತು. ಕಂಪನಿ ಅದನ್ನು ಕೈಬಿಟ್ಟ ಸಂಗತಿ 2018ರಲ್ಲಿ ರಾಯಿಟರ್ಸ್ ವರದಿಯಿಂದ ಹೊರಬಂತು. ಕೆಲಸಕ್ಕೆ ಸಂಬಂಧಪಡದ ವಿವರವನ್ನು ತಾವಾಗಿ ಒದಗಿಸುವುದೇಕೆ?

ಅನುಭವವೇ ಇಲ್ಲದ್ದಕ್ಕೆ ಅನುಭವವನ್ನೇ ಕೊಳ್ಳುವ ಹಾದಿಯೂ ಒಂದಿದೆ: ಇಲ್ಲದ ಕಂಪನಿಯ ಲೆಟರ್‌ಹೆಡ್, ಎರಡು ವರ್ಷದ ಸಂಬಳ ಚೀಟಿ, ಫೋನ್ ಮಾಡಿದರೆ ‘ಹೌದು, ನಮ್ಮಲ್ಲೇ ಇದ್ದರು’ ಎನ್ನಲು ಒಬ್ಬ ಎಚ್‌ಆರ್. ನಕಲಿ ಕಂಪನಿಗಳ ದಾಖಲೆ ಕೊಟ್ಟು ಸೇರಿದ್ದವರನ್ನು ಹೊರಹಾಕಿರುವುದಾಗಿ ಆಕ್ಸೆಂಚರ್ ಇಂಡಿಯಾ 2022ರಲ್ಲಿ ಬಹಿರಂಗವಾಗಿಯೇ ಹೇಳಿತು. ಪಿಎಫ್‌ನ ಯುಎಎನ್ ಸಂಖ್ಯೆಯಿಂದ ಯಾವ ತಿಂಗಳು ಎಲ್ಲಿ ಹಣ ಜಮೆಯಾಯಿತೆಂದು ತಿಳಿಯುತ್ತದೆ. ನಾಸ್ಕಾಂ 2006ರಲ್ಲಿ ಆರಂಭಿಸಿದ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಇರುವುದೂ ಐಟಿ ನೌಕರರ ಹಿನ್ನೆಲೆಯ ದಾಖಲೆಗಾಗಿ. ಒಂದು ವರ್ಷ ಖಾಲಿ ಕೂತದ್ದನ್ನು ‘ಮನೆಯ ಕಾರಣ’ ಎಂದು ಹೇಳಿ ದಾಟಬಹುದು. ಸಿಕ್ಕಿಬಿದ್ದ ಸುಳ್ಳಿಗೆ ಆ ರಿಯಾಯಿತಿ ಇಲ್ಲ.

ಇನ್ನುಳಿದದ್ದು ಚಿಲ್ಲರೆ ಕೆಲಸ. ಒಂಬತ್ತನೇ ಕ್ಲಾಸಿನಲ್ಲಿ ತಮಾಷೆಗೆ ಮಾಡಿಕೊಂಡ ಇಮೇಲ್ ವಿಳಾಸ ಬದಲಿಸುವುದು, ‘ನ್ಯೂ ರೆಸ್ಯೂಮೆ ಫೈನಲ್ 3’ ಎಂಬ ಫೈಲಿಗೆ ಸ್ವಂತ ಹೆಸರಿಡುವುದು, ಗಿಟ್‌ಹಬ್‌ನ ಪ್ರತಿ ಪ್ರಾಜೆಕ್ಟಿಗೂ ಅದು ಏನು, ಹೇಗೆ ನಡೆಸುವುದು ಎಂಬ ನಾಲ್ಕು ಸಾಲಿನ ರೀಡ್‌ಮಿ ಸೇರಿಸುವುದು. ಕೊಂಡಿಗಳನ್ನು ಒಮ್ಮೆ ಬೇರೆಯವರ ಫೋನಿನಲ್ಲಿ ಒತ್ತಿ ನೋಡಬೇಕು. ಗಿಟ್‌ಹಬ್‌ನಲ್ಲಿ ಪ್ರೈವೇಟ್ ಆಗಿಯೇ ಉಳಿದ ಪ್ರಾಜೆಕ್ಟು, ಲಾಗಿನ್ ಆಗಿರುವ ಮಾಲೀಕರಿಗೆ ಸರಿಯಾಗಿಯೇ ತೆರೆದುಕೊಳ್ಳುತ್ತದೆ; ಕಂಪನಿಯವರು ಒತ್ತಿದಾಗ ಬರುವುದು 404.